ಬಿಡ್ತು ಅನ್ನಿ

ಮೇಷ್ಟ್ರ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಮಾತಾಡುವಾಗ ಆ ಸಂದಿಯಲ್ಲಿ ಗಾಳಿ ನುಗ್ಗಿ ಸಣ್ಣಗೆ ಸಿಳ್ಳೆ ಕೇಳಿಸುತ್ತಿತ್ತು. ನಮ್ಮ ಗುಡಿಸಲಿಗೂ ಅವರ ಗುಡಿಸಲಿಗೂ ನಡುವೆ ಒಂದು ಬಿದಿರ ತಟ್ಟಿ ಅಷ್ಟೇ ಅಡ್ಡ. ಹಾಗಾಗಿ ಮೂರು ತಿಂಗಳು ನನಗೆ ಬೆಳಗಾದದ್ದು ಕೋಳಿ ಕೂಗಿಗಲ್ಲ, ಆ ಸಿಳ್ಳೆಗೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಶ್ರೀನಿವಾಸಪುರದಲ್ಲಿ ಇಲಿ ಬಿದ್ದವು. ಪ್ಲೇಗು ಎಂದು ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಮುಳಬಾಗಿಲ ದಾರಿಯ ಮಾವಿನ ತೋಪಿನಲ್ಲಿ ಗುಡಿಸಲು ಹಾಕಿಕೊಂಡಿತು. ತೋಪಿನ ಸುತ್ತ ಕಾವಲು. ಊರೊಳಕ್ಕೂ ಹೋಗುವಂತಿಲ್ಲ, ಬೇರೆ ಊರಿಗೂ ಹೋಗುವಂತಿಲ್ಲ. ನನಗಾಗ ಇಪ್ಪತ್ತು ವರ್ಷ. ಎರಡು ವರ್ಷದ ಮಗಳು ಮಾಲೂರಿನ ನನ್ನ ತವರಿನಲ್ಲಿ ಉಳಿದುಬಿಟ್ಟಿದ್ದಳು. ನಾನು ಗಂಡ, ಅತ್ತೆಯ ಜೊತೆ ಇಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಎತ್ತ ತಿರುಗಿದರೂ ಮಾವಿನ ಬೊಡ್ಡೆ, ಫಿನೈಲಿನ ವಾಸನೆ, ಅವೇ ಮುಖಗಳು. ಯಾರು ನರಳಿದರೂ ನನ್ನ ಕಂಕುಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮೇಷ್ಟ್ರು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು. ಹಳೆಯ ಕಾಲದ ಗ್ರೀಸ್, ರೋಮಿನಲ್ಲಿ ಸ್ಟೋಯಿಕರು ಎಂಬ ಜ್ಞಾನಿಗಳಿದ್ದರಂತೆ. ಅವರ ವಿಷಯ ಓದಿಕೊಂಡು ಇವರು ಒಂದು ವ್ರತ ಹಿಡಿದಿದ್ದರು. ಹಾಸಿಗೆ ಬಿಟ್ಟೇಳುವ ಮೊದಲು, ಆ ದಿನ ಏನೇನು ಕೆಡಬಹುದೋ ಅದನ್ನೆಲ್ಲ ಗಟ್ಟಿಯಾಗಿ ಹೇಳಿಬಿಡುವುದು. ಹಾಗೆ ಹೇಳಿಕೊಂಡಿದ್ದರೆ, ಕಷ್ಟ ನಿಜವಾಗಿ ಬಂದಾಗ ಮನುಷ್ಯ ಕಂಗೆಡುವುದಿಲ್ಲವಂತೆ.

“ಇವತ್ತು ನೀರಿನ ಗಾಡಿ ಬರದೇ ಇರಬಹುದು. ಹಾಲು ಒಡೀಬಹುದು. ನಂಗೆ ಜ್ವರ ಬರಬಹುದು. ನೀನು ಇಲ್ಲದೇ ಹೋಗಬಹುದು.”

“ಥೂ, ಬಿಡ್ತು ಅನ್ನಿ!” ಎನ್ನುತ್ತಿದ್ದರು ಅವರ ಹೆಂಡತಿ. “ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಅಸ್ತು ಅಂದ್‌ಬಿಟ್ರೆ ಏನ್ರೀ ಗತಿ?”

“ಬಿಡ್ತು ಕಣೇ, ಬಿಡ್ತು. ಪಾಪ, ಆ ಗ್ರೀಸಿನೋರಿಗೆ ಈ ಬಿಡ್ತು ಅನ್ನೋದು ಗೊತ್ತಿರ್ಲಿಲ್ಲ.”

ಇಬ್ಬರೂ ನಗುತ್ತಿದ್ದರು. ದಿನಾ ಇದೇ. ಈಚೆ ನನ್ನ ಅತ್ತೆ ಕಿವಿ ಮುಚ್ಚಿಕೊಂಡು, “ದಾರೀಲಿ ಹೋಗೋ ಮಾರೀನ ಮನೆಗೆ ಕರೀತಾನಲ್ಲೇ ಈ ಮನುಷ್ಯ,” ಎಂದು ಗೊಣಗುತ್ತಿದ್ದರು.

ಒಂದು ಮಧ್ಯಾಹ್ನ ಮಗಳನ್ನು ನೆನೆಸಿಕೊಂಡು ಅಳುತ್ತ ಕೂತಿದ್ದೆ. ಮೇಷ್ಟ್ರು ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತರು.

“ಕಾಗದ ಬರೆಯೋದು ನಿನ್ನ ಕೈಲಿದೆ ಕಣಮ್ಮ, ಬರಿ. ಉತ್ತರ ಬರೋದು ನಿನ್ನ ಕೈಲಿಲ್ಲ. ಅದನ್ನ ಬಿಟ್ಟುಬಿಡು.”

“ಬಿಟ್ಟುಬಿಡೋಕೆ ಮಗು ನಿಮ್ಮದಾ ಮೇಷ್ಟ್ರೇ?” ಎಂದೆ.

ಅವರು ಎದ್ದು ಹೋದರು. ಎರಡು ಮಕ್ಕಳನ್ನು ಮಣ್ಣು ಮಾಡಿದವರು ಎಂದು ಅತ್ತೆ ಆಮೇಲೆ ಹೇಳಿದರು. ನಾಚಿಕೆಯಾಯಿತು. ಆ ಸಂಜೆಯೇ ಕೂತು ಕಾಗದವನ್ನೂ ಬರೆದೆ ಅನ್ನಿ. ಆದರೆ ಅವರ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಪ್ಲೇಗಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಗೆ? ಪಕ್ಕದ ಗುಡಿಸಲಿನವರು ಕೈಗೆ ಸಿಕ್ಕರು.

ಮೂರನೆಯ ತಿಂಗಳಲ್ಲಿ ಮೇಷ್ಟ್ರ ಹೆಂಡತಿಗೆ ಜ್ವರ ಬಂತು. ಕಂಕುಳಲ್ಲಿ ಗೆಡ್ಡೆ ಎದ್ದಿತು. ತೋಪಿನ ಕೊನೆಯಲ್ಲಿ, ಸುತ್ತ ಹಗ್ಗ ಕಟ್ಟಿದ್ದ ರೋಗಿಗಳ ಗುಡಿಸಲಿಗೆ ಆಕೆಯನ್ನು ಹೊತ್ತುಕೊಂಡು ಹೊರಟಾಗ ನನಗೆ ಏನಾಯಿತೋ ಕಾಣೆ.

“ದಿನಾ ಅಂದೂ ಅಂದೂ ನೀವೇ ತಂದ್ರಿ ಮೇಷ್ಟ್ರೇ! ನಿಮ್ಮ ಬಾಯಿಂದ್ಲೇ ಬಂತು!” ಎಂದು ಎಲ್ಲರೆದುರಿಗೆ ಕೂಗಿಬಿಟ್ಟೆ.

ಯಾರೂ ನನ್ನನ್ನು ಗದರಿಸಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಮೇಷ್ಟ್ರು ಒಂದು ಸಲ ನನ್ನ ಕಡೆ ನೋಡಿ, ಹೆಂಡತಿಯ ಹಿಂದೆ ನಡೆದರು. ಹಗ್ಗದ ಹತ್ತಿರ ಕಾವಲಿನವನು ಅಡ್ಡ ನಿಂತು, “ಪೋವದ್ದು ಸಾಮೀ, ಪೋತೇ ಮಳ್ಳೀ ರಾನಿಯ್ಯರು,” ಎಂದು ತೆಲುಗಿನಲ್ಲಿ ಬೇಡಿಕೊಂಡ. ಹೋದರೆ ವಾಪಸು ಬಿಡುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

“ಒಳಗೆ ಹೋಗೋದು ನನ್ನ ಕೈಲಿದೆಯಪ್ಪಾ,” ಎಂದು ಮೇಷ್ಟ್ರು ಹಗ್ಗ ದಾಟಿದರು.

ಮಾರನೆಯ ದಿನದಿಂದ ಹಗ್ಗದ ಈಚೆ ಗಂಜಿ ಇಟ್ಟು ಬರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಒಳಗೆ ಮೇಷ್ಟ್ರ ದನಿಯೇ ಇರಲಿಲ್ಲ. ಮೂರನೆಯ ಬೆಳಿಗ್ಗೆ ಆಕೆಯ ಮಾತು ಸಣ್ಣಗೆ ಕೇಳಿಸಿತು.

“ಯಾಕ್ರೀ ಸುಮ್ನಿದೀರ? ಇವತ್ತಿಂದು ಹೇಳಿ.”

“ನನ್ನ ಬಾಯಿ ಒಳ್ಳೇದಲ್ವಂತೆ ಕಣೇ.”

“ಯಾರೋ ಹೆದ್ರಿಕೊಂಡು ಅಂದ್ರು ಅಂತ... ಹೇಳ್ರೀ. ನೀವು ಸುಮ್ನಿದ್ರೆ ನಂಗೆ ಹೆದ್ರಿಕೆ ಆಗತ್ತೆ.”

ಮೇಷ್ಟ್ರು ಶುರು ಮಾಡಿದರು. ನೀರಿನ ಗಾಡಿ ಬರದೇ ಇರಬಹುದು. ಹಾಲು ಒಡೀಬಹುದು. ನಂಗೆ ಜ್ವರ ಬರಬಹುದು. ಅಲ್ಲಿ ತಡೆದರು. ತುಂಬ ಹೊತ್ತಿನ ಮೇಲೆ, “ನೀನು ಇಲ್ಲದೇ ಹೋಗಬಹುದು,” ಎಂದರು.

ಆಕೆ ಏನೂ ಅನ್ನಲಿಲ್ಲ. ನಾನು ಕಾದೆ. ಒಳಗೆ ಮೇಷ್ಟ್ರೂ ಕಾಯುತ್ತಿದ್ದರು. ಕೊನೆಗೆ ತಡೆಯಲಾರದೆ ಹಗ್ಗ ಹಿಡಿದುಕೊಂಡು ನಾನೇ ಕೂಗಿದೆ: “ಬಿಡ್ತು ಅನ್ನಿ ಮೇಷ್ಟ್ರೇ! ಬಿಡ್ತು ಅನ್ನಿ!”

“ಬಿಡ್ತು,” ಎಂದರು ಮೇಷ್ಟ್ರು. ಎಷ್ಟು ಸಲ ಅಂದರೋ. ಅಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು.

ಬಿಸಿಲು ಬಲಿತ ಮೇಲೆ ರೋಗ ಇಳಿಯಿತು, ತೋಪು ಖಾಲಿಯಾಯಿತು. ನನ್ನ ಮಗಳು ಮನೆಗೆ ಬಂದಳು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಸ್ಕೂಲಿಗೆ ಹೋಗುತ್ತಿದ್ದರು, ಪಾಠ ಮಾಡುತ್ತಿದ್ದರು. ಬೆಳಗಿನ ವ್ರತವನ್ನು ಮಾತ್ರ ಬಿಟ್ಟರು. ಎದುರಿಗೆ ಸಿಕ್ಕಾಗಲೆಲ್ಲ ಮಗಳನ್ನು ವಿಚಾರಿಸುತ್ತಿದ್ದರು. ನಾನು ತಲೆ ತಗ್ಗಿಸಿ ಉತ್ತರ ಕೊಟ್ಟು ಸರಿದುಬಿಡುತ್ತಿದ್ದೆ. ಅವತ್ತು ಕೂಗಿದ ಆ ಒಂದು ಮಾತಿನೊಳಗೆ ಎಂಟು ವರ್ಷ ಸಿಕ್ಕಿಕೊಂಡಿದ್ದೆ.

ಕೋಲಾರದ ಆಸ್ಪತ್ರೆಯಲ್ಲಿ ಅವರು ತೀರಿಕೊಳ್ಳುವುದಕ್ಕೆ ಎರಡು ದಿನ ಮುಂಚೆ ಹೋಗಿ ಕಾಲು ಹಿಡಿದೆ. ಅಳು ಬಂದುಬಿಟ್ಟಿತು. ಯಾಕೆ ಎಂದು ಅವರಿಗೆ ಗೊತ್ತಿತ್ತು.

“ಏಳಮ್ಮ, ಏಳು. ನೀನು ಹೆದ್ರಿದ್ದೆ, ಅಂದೆ. ಅವಳು ಸುಮ್ನಾದಾಗ ಅವಳ ಮಾತನ್ನ ನೀನೇ ಆಡಿದ್ಯಲ್ಲ, ಅದನ್ನ ನಾನು ಮರೀತೀನಾ? ನಾನೇನು ದೊಡ್ಡ ಧೈರ್ಯಸ್ಥ ಅಂದ್ಕೊಂಡಿದ್ದೆ ಕಣಮ್ಮ. ಅಷ್ಟು ವರ್ಷ ದಿನಾ ಬೆಳಿಗ್ಗೆ ಆ ಮಾತು ಹೇಳೋಕೆ ನಂಗೆ ಧೈರ್ಯ ಎಲ್ಲಿಂದ ಬರ್ತಿತ್ತು ಅಂತೀಯ? ಬಿಡ್ತು ಅನ್ಸೋಳು ಪಕ್ಕದಲ್ಲೇ ಇದ್ಲು.”