ನಮ್ಮನೆಯ ವಿಐಪಿ ಸೋಫಾ

ಎಂಬತ್ತರ ಆಸುಪಾಸಿನಲ್ಲಿ ಜಾಲಹಳ್ಳಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಸೋಫಾ ಇದ್ದದ್ದು ನಮ್ಮನೇಲಿ ಮಾತ್ರ. ಮದುವೆಗೆ ಮಾವ ಕೊಟ್ಟಿದ್ದು. ರಾಜ್ಯೋತ್ಸವ ಬಂತೆಂದರೆ ನಾಲ್ಕು ಜನ ಅದನ್ನು ಹೊತ್ತುಕೊಂಡು ಹೋಗಿ ಪೆಂಡಾಲಿನ ಮುಂದಿನ ಸಾಲಿನಲ್ಲಿ ಹಾಕುತ್ತಿದ್ದರು. ಆ ವರ್ಷ ಎಡಗಡೆಯ ಸ್ಪ್ರಿಂಗ್ ಕಿತ್ತು ಮೇಲೆದ್ದಿತ್ತು. ನನ್ನ ಹೆಂಡತಿ ಹಾಕಿದ ಕಸೂತಿ ಬಟ್ಟೆ ಅದನ್ನು ಮುಚ್ಚಿತ್ತು. ಎಚ್ಚರಿಸೋಣ ಅಂತ ಹೋದರೆ, ಬ್ಯಾಡ್ಜ್ ಹಾಕಿಕೊಂಡ ಸ್ವಯಂಸೇವಕ ಅಡ್ಡ ಬಂದ.

“ಹಿಂದೆ ಹೋಗಿ ಸಾರ್, ಇದು ವಿಐಪಿಗಳಿಗೆ.”

“ಆ ಸೋಫಾ ನಮ್ಮದು ಕಣ್ರೀ!”

“ಹೋದ್ ವರ್ಷಾನೂ ಯಾರೋ ಹಿಂಗೇ ಅಂದ್ರು.”

ಹೋದ ವರ್ಷ ಅಂದವನೂ ನಾನೇ.

ಅಷ್ಟರಲ್ಲಿ ಮ್ಯಾನೇಜರು ಬಲಗಡೆ ಕೂತರು, ಮುಖ್ಯ ಅತಿಥಿಗಳು ಎಡಗಡೆ. ಹುಡುಗಿಯರು ಕನ್ನಡಾಂಬೆಯ ಮೇಲೆ ಹಾಡು ಶುರುಮಾಡುತ್ತಿದ್ದ ಹಾಗೇ ಅತಿಥಿಗಳು ಚಂಗನೆ ಎದ್ದು ನಿಂತರು. ಅವರೇ ಎದ್ದ ಮೇಲೆ ನಾವು ಕೂರೋದು ಹೇಗೆ? ಇಡೀ ಪೆಂಡಾಲ್ ಎದ್ದಿತು. ಹಾಡು ಮುಗಿದರೂ ಅವರು ಕೂರಲಿಲ್ಲ, ಹಾಗಾಗಿ ನಾವೂ ಕೂರಲಿಲ್ಲ.

ಸ್ವಯಂಸೇವಕನ ಕಣ್ಣಲ್ಲಿ ನೀರು. “ಭಾಷಾಭಿಮಾನ ಅಂದ್ರೆ ಇದು ಸಾರ್. ಅಲ್ಲಿ ನೀವಾಗಿದ್ರೆ ಕೂತ್ಕೊಂಡೇ ಇರ್ತಿದ್ರಿ.”

ನಿಜ. ನಾನಾಗಿದ್ದರೆ ಬಲಗಡೆ ಕೂತಿರುತ್ತಿದ್ದೆ.