ಮುಖ ಸಪ್ಪಗೆ ಮಾಡಿದ ತಪ್ಪಿಗೆ

ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನಲ್ಲಿ ನಮ್ಮದು ಸಾಲುಮನೆಗಳ ನಡುವಿನ ಒಂದು ಮನೆ. ಎಡಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ದೇವರು ದಿಂಡರು ಎಂದರೆ ಮೂಗು ಮುರಿಯುವವರು. ಬಲಮನೆಯಾಕೆ ಐದು ಮಕ್ಕಳ ತಾಯಿ. ಭಾನುವಾರ ಎರಡು ಸಲ ಚರ್ಚಿಗೆ ಹೋಗುವವರು, ಆ ದಿನ ಒಂದು ಕರ್ಚೀಫನ್ನೂ ಒಣಗಿಹಾಕದವರು. ತೊಂಬತ್ತೊಂಬತ್ತರ ಚುನಾವಣೆ ಹತ್ತಿರ ಬಂದಾಗ ಇಬ್ಬರ ಕಿಟಕಿಯಲ್ಲೂ ತಂತಮ್ಮ ಪಕ್ಷದ ಪೋಸ್ಟರ್ ಎದ್ದವು. ನಡುವೆ ನಮ್ಮ ಕಿಟಕಿಯಲ್ಲಿ ಕೊತ್ತಂಬರಿ ಕುಂಡವಿತ್ತು. ಅದು ಯಾವ ಪಕ್ಷಕ್ಕೂ ಸೇರಿರಲಿಲ್ಲ.

ಅವರಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಆದರೆ ಪ್ರತಿ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಇಬ್ಬರೂ ನಮ್ಮ ಮನೆಗೆ ಫಿಲ್ಟರ್ ಕಾಫಿಗೆ ಬರುತ್ತಿದ್ದರು. ಆ ದಿನಗಳಲ್ಲಿ ಗರ್ಭಪಾತದ ಮಾತ್ರೆಯೊಂದನ್ನು ದೇಶದೊಳಗೆ ಬಿಡಬೇಕೋ ಬೇಡವೋ ಎಂದು ಟೀವಿಯಲ್ಲಿ ವಾದ ನಡೆಯುತ್ತಿತ್ತು. ಅದರ ಮುಂದಿನ ಭಾಗ ನಮ್ಮ ಸೋಫಾದ ಮೇಲೆ. ಹೆಣ್ಣಿನ ದೇಹ ಹೆಣ್ಣಿನದು ಎಂದು ನರ್ಸ್. ಹೊಟ್ಟೆಯಲ್ಲಿರುವ ಜೀವ ಯಾರ ಸ್ವತ್ತೂ ಅಲ್ಲ ಎಂದು ಬಲಮನೆಯಾಕೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರೆ. ನನಗೆ ಸಿಕ್ಕ ಲಾಭವೆಂದರೆ ಎರಡನೇ ಡಿಕಾಕ್ಷನ್ ಹಾಕುವ ಕೆಲಸ.

ಆಗ ನಾನು ಏಳು ವಾರದ ಬಸುರಿ. ಮೈಸೂರಿನಲ್ಲಿದ್ದಾಗ ಎರಡು ಸಲ ಕಳೆದುಕೊಂಡಿದ್ದೆ. ಎರಡನೆಯ ಸಲವಂತೂ ಸಂಭ್ರಮ ತಡೆಯಲಾರದೆ ಹಾಲಿನವನಿಗೂ ಹೇಳಿದ್ದೆ. ಈ ಮಗುವಾದರೂ ಉಳಿಯಲಿ ಎಂಬುದನ್ನು ಬಿಟ್ಟು ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಅಮ್ಮ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದಳು.

"ಐದು ತಿಂಗಳು ತುಂಬೋವರ್ಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಮುಖದಲ್ಲೂ ತೋರಿಸ್ಕೋಬೇಡ. ಸಂತೋಷ ಕಂಡ್ರೆ ಕಣ್ಣು ತಾಗತ್ತೆ."

"ಡಾಕ್ಟ್ರಿಗೂ ಹೇಳ್ಬಾರ್ದಾ ಅಮ್ಮಾ?"

"ಡಾಕ್ಟ್ರಿಗೆ ಹೊಟ್ಟೆ ತೋರಿಸು. ಹಲ್ಲು ತೋರಿಸ್ಬೇಡ."

ಹಾಗಾಗಿ ನಮ್ಮ ಬಡಾವಣೆಯ ಡಾಕ್ಟರ ಮುಂದೆ ನಾನು ಹಾಗಲಕಾಯಿ ಅಗಿದವಳ ಮುಖ ಮಾಡಿಕೊಂಡು ಕೂತೆ. ಅವರು ಪರೀಕ್ಷೆಯ ಫಲಿತಾಂಶ ನೋಡಿದರು, ನನ್ನ ಮುಖ ನೋಡಿದರು. "ಇದರಿಂದ ನಿಮಗೆ ಖುಷಿಯಾಗಿದೆಯೇ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಒಳಗೆ ಹೃದಯ ಡೋಲು ಬಡಿಯುತ್ತಿತ್ತು. ನಾನು ನೆಲ ನೋಡುತ್ತಾ "ನೋಡೋಣ" ಎಂದೆ. ನಮ್ಮೂರಿನ ಯಾವ ಡಾಕ್ಟರಾದರೂ ಆ "ನೋಡೋಣ"ದ ಹಿಂದಿನ ಹೆದರಿಕೆ ತಿಳಿದು ನಕ್ಕುಬಿಡುತ್ತಿದ್ದರು. ಇವರು ನಗಲಿಲ್ಲ. "ನಿರ್ಧಾರ ನಿಮ್ಮದು, ಯಾರ ಒತ್ತಾಯವೂ ಇಲ್ಲ. ಐದು ದಿನ ಯೋಚಿಸಿ ಫೋನ್ ಮಾಡಿ" ಎಂದು ಡಚ್ ಭಾಷೆಯ ಒಂದು ಕಾಗದ ಕೊಟ್ಟರು. ಇಲ್ಲಿ ಹೆರಿಗೆ ಮನೆಯಲ್ಲೇ ಮಾಡಿಸಿಕೊಳ್ಳುವವರು ಬಹಳ ಎಂದು ಕೇಳಿದ್ದೆ. ಮನೆಯೋ ಆಸ್ಪತ್ರೆಯೋ ಎಂದು ಯೋಚಿಸಲು ಹೇಳುತ್ತಿದ್ದಾರೆ ಎಂದುಕೊಂಡೆ. ಎಷ್ಟು ಮರ್ಯಾದಸ್ಥರು ಎಂದು ಮೆಚ್ಚಿಕೊಂಡೇ ಮನೆಗೆ ಬಂದೆ.

ಡಚ್ಚಿನಲ್ಲಿದ್ದ ಕಾಗದಗಳ ಬಗ್ಗೆ ನಮ್ಮ ಮನೆಯವರಿಗೆ ಒಂದೇ ಪದ್ಧತಿ: ಓದದೆ ಮ್ಯಾಗ್ನೆಟ್ ಹಾಕಿ ಫ್ರಿಜ್ಜಿಗೆ ಅಂಟಿಸುವುದು. ಕಸ ಒಯ್ಯುವ ದಿನಗಳ ಪಟ್ಟಿ, ಪುರಸಭೆಯ ಪತ್ರ, ಪಿಜ್ಜಾ ಅಂಗಡಿಯ ಮೆನು ಎಲ್ಲ ಅಲ್ಲಿ ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ಇದನ್ನೂ ಅಂಟಿಸಿದರು. "ಯಾರಾದ್ರೂ ಓದಿದ್ರೆ?" ಎಂದೆ. "ನಮ್ಮನೇಲಿ ಡಚ್ ಓದೋರು ಯಾರಿದಾರೆ?" ಎಂದು ಆಫೀಸಿಗೆ ಹೊರಟರು. ಬುಧವಾರದ ಹತ್ತೂವರೆ ಅವರಿಗೆ ಗೊತ್ತಿರಲಿಲ್ಲ. ಗಂಡಸಿಗೇಕೆ ಗೌರಿ ದುಃಖ.

ಬುಧವಾರ ಹಾಲು ತರಲು ನರ್ಸ್ ಫ್ರಿಜ್ಜಿನ ಹತ್ತಿರ ಹೋದರು, ಬಹಳ ಹೊತ್ತಿನ ಮೇಲೆ ಬಂದರು. ಕಪ್ ತೊಳೆಯಲು ಹೋದ ಬಲಮನೆಯಾಕೆಯೂ ಹಾಗೆಯೇ. ಆ ದಿನ ಮಾತ್ರೆಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಇಬ್ಬರೂ ಹವಾಮಾನದ ಬಗ್ಗೆ ಒಂದೇ ಅಭಿಪ್ರಾಯ ಹೇಳಿದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ನರ್ಸ್ ಬಂದು ನನ್ನ ಕೈ ಹಿಡಿದುಕೊಂಡರು. "ಯಾವ ದಿನ ಹೋಗಬೇಕು ಹೇಳು, ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಕಾರಣ ಯಾರಿಗೂ ಹೇಳಬೇಕಾಗಿಲ್ಲ." ನರ್ಸಲ್ಲವೇ, ಮುಖ ನೋಡಿಯೇ ಗುಟ್ಟು ಹಿಡಿದಿದ್ದಾರೆ, ತಪಾಸಣೆಗೆ ಬಸ್ಸಿನಲ್ಲಿ ಅಲೆಯಬೇಡ ಎನ್ನುತ್ತಿದ್ದಾರೆ ಎಂದುಕೊಂಡು ಧನ್ಯವಾದ ಹೇಳಿದೆ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಬಲಮನೆಯಾಕೆ ಅಟ್ಟದಿಂದ ಇಳಿಸಿದ ಮಗುವಿನ ತಳ್ಳುಗಾಡಿ ಹಿಡಿದು ನಿಂತಿದ್ದರು. ಐದು ಮಕ್ಕಳನ್ನು ಹೊತ್ತ ಗಾಡಿ, ಒಳಗೆ ಇಸ್ತ್ರಿ ಮಾಡಿದ ಪುಟ್ಟ ಅಂಗಿಗಳು. "ನೀನು ಒಬ್ಬಳೇ ಅಲ್ಲ. ಏನು ಬೇಕಾದರೂ ನಾವಿದ್ದೇವೆ" ಎಂದರು.

ನನ್ನ ಜೀವ ಝಲ್ಲೆಂದಿತು. ಹುಟ್ಟದ ಮಗುವಿಗೆ ಒಂದು ಕುಲಾವಿಯನ್ನೂ ಮನೆಯೊಳಗೆ ತರಬಾರದು, ಇವರು ಇಡೀ ಗಾಡಿಯನ್ನೇ ತಂದಿದ್ದರು. "ಬೇಡ, ಬೇಡ, ತಗೊಂಡು ಹೋಗಿ" ಎಂದು ಎರಡೂ ಕೈಯಿಂದ ತಳ್ಳಿದೆ. ಅವರು ಕಣ್ಣು ಒರೆಸಿಕೊಂಡು ಗಾಡಿ ತಿರುಗಿಸಿದರು. ಇಷ್ಟಕ್ಕೆಲ್ಲ ಅಳುವುದೇ ಎಂದು ನನಗೆ ಸಿಟ್ಟೇ ಬಂತು.

ಮುಂದಿನ ಬುಧವಾರ ಕಾಫಿ ಲೋಟ ಕೈಗೆ ಕೊಡುವ ಮೊದಲೇ ಜಗಳ ಹತ್ತಿಕೊಂಡಿತು.

"ಗಾಡಿ ತೋರಿಸಿ ಹೆದರಿಸಿದ್ದು ನೀನು" ಎಂದರು ನರ್ಸ್.

"ಕಾರು ತೋರಿಸಿ ಅವಸರ ಮಾಡಿದ್ದು ನೀನು" ಎಂದರು ಬಲಮನೆಯಾಕೆ.

ಇನ್ನು ಮೇಲೆ ಈ ಮನೆಗೆ ತಾನು ಬರುವುದಿಲ್ಲ ಎಂದು ಒಬ್ಬರು, ತಾನೇ ಮೊದಲು ಹೊರಟೆ ಎಂದು ಇನ್ನೊಬ್ಬರು ಕೋಟಿಗೆ ಕೈ ಹಾಕಿದರು. ಜಗಳ ನನ್ನ ವಿಷಯದ್ದು, ನನಗೇ ತಲೆಬುಡ ತಿಳಿಯದು. ಏನಾಗಿದೆ ನಿಮಗೆ ಎಂದು ಗದರಿದೆ. ನರ್ಸ್ ಅಡುಗೆಮನೆಗೆ ಹೋಗಿ ಫ್ರಿಜ್ಜಿನಿಂದ ಆ ಕಾಗದ ಕಿತ್ತು ತಂದು, ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದರು. ಗರ್ಭಪಾತದ ಕ್ಲಿನಿಕ್ಕಿನ ವಿಳಾಸ. ಐದು ದಿನ ಯೋಚಿಸಬೇಕೆಂಬ ಕಾನೂನು.

ಡಾಕ್ಟರು ಹೇಳಿದ ಐದು ದಿನದ ಅರ್ಥ ನನಗೆ ಆಗ ಹೊಳೆಯಿತು. ಅಮ್ಮನ ಅಪ್ಪಣೆ ಗಂಟಲಿನಲ್ಲಿ ಬಿಸಿತುಪ್ಪವಾಗಿತ್ತು. ಬಾಯಿ ಬಿಟ್ಟರೆ ಈ ಮಗುವೂ ಹೋಗುತ್ತದೆ ಎಂದು ನಿಜವಾಗಿ ನಂಬಿದ್ದೆ. ಬಿಡದಿದ್ದರೆ, ಬೇಡದ ಮಗು ಎಂದು ಮೂರು ಜನ ನಂಬಿಕೊಂಡಿರುತ್ತಾರೆ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಲೋಟ ಕುಕ್ಕಿ ಹೇಳಿಬಿಟ್ಟೆ: "ನನಗೆ ಈ ಮಗು ಬೇಕು. ಎರಡು ಹೋಗಿವೆ. ಇದು ಬೇಕೇ ಬೇಕು."

ನರ್ಸ್ ಮೊದಲು ಬಂದು ತಬ್ಬಿಕೊಂಡರು. "ನಿನಗೆ ಬೇಕು ತಾನೆ? ಮುಗಿಯಿತು. ನಾನು ಹೇಳುವುದೂ ಅದನ್ನೇ." ಬಲಮನೆಯಾಕೆ ಮಾತ್ರ ಗಾಡಿಯನ್ನು ಮರೆತಿರಲಿಲ್ಲ. "ಹಾಗಾದರೆ ಅದನ್ನು ಯಾಕೆ ತಳ್ಳಿದೆ?" ಎಂದರು. ದೃಷ್ಟಿಯ ವಿಷಯ ವಿವರಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಸ್ವಲ್ಪ ತಲೆ ಕೆಟ್ಟಿದೆ ಎಂಬ ವಿಷಯದಲ್ಲಿ ಅವರಿಗೆ ಪೂರ್ತಿ ಒಮ್ಮತವಿತ್ತು. ಆದರೆ ನಕ್ಕು ಮುಗಿಸಿದ ಮೇಲೆ ನರ್ಸ್ ಮೇಜಿನ ಅಡಿಗೆ ಕೈ ಹಾಕಿ, ಬಣ್ಣ ಹೊಡೆಯದ ಮರವನ್ನು ಹುಡುಕಿ ಮೂರು ಸಲ ಕುಟ್ಟಿದರು. ಹಾಗೆ ಕುಟ್ಟಿದರೆ ಕೆಟ್ಟದ್ದು ತಾಗುವುದಿಲ್ಲವಂತೆ. ಇದು ಪಾಪ ಎಂದು ಗೊಣಗುತ್ತಾ ಬಲಮನೆಯಾಕೆಯೂ ಕುಟ್ಟಿದರು.

ಅದರ ಮುಂದಿನ ಬುಧವಾರ ಮಾತ್ರೆಯ ವಾದ ಬಿಟ್ಟಲ್ಲಿಂದ ಮುಂದುವರಿಯಿತು. ಯಾರ ಪೋಸ್ಟರೂ ಬದಲಾಗಲಿಲ್ಲ. ಆ ವರ್ಷದ ಚಳಿ ಶುರುವಾಗುವ ಹೊತ್ತಿಗೆ ನನ್ನ ಮಗಳು ಹುಟ್ಟಿದಳು, ಬಾಯಿ ಅವರಿಬ್ಬರನ್ನೂ ಮೀರಿಸುವಂಥದ್ದು.

ಆದರೆ ನಾನು ಹೇಳಬೇಕೆಂದಿದ್ದುದು ಗುಟ್ಟು ಒಡೆದ ಆ ವಾರದ ಭಾನುವಾರದ ಫೋನಿನ ಬಗ್ಗೆ. ಬಾಯಿಬಿಟ್ಟ ಅಪರಾಧವನ್ನು ಅಮ್ಮನಿಗೆ ಒಪ್ಪಿಸಿ, ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ. ಅವಳು ಬೈಯಲಿಲ್ಲ.

"ಖುಷಿನಾ ಅಂತ ಡಾಕ್ಟ್ರು ನಿನ್ನನ್ನೇ ಕೇಳಿದ್ರಾ? ಅಳಿಯಂದ್ರನ್ನಲ್ಲ?"

"ನನ್ನನ್ನೇ."

"ನಿನ್ನ ಹೊತ್ತಾಗ ನನ್ನನ್ನ ಯಾರೂ ಕೇಳ್ಲಿಲ್ಲ ಕಣೇ" ಎಂದಳು ಅಮ್ಮ. "ಆಗ್ಲೇ ಮೂರು ಹೆಣ್ಣಾಗಿತ್ತು. ಮೈಯಲ್ಲಿ ರಕ್ತ ಇರ್ಲಿಲ್ಲ. ಕೇಳಿದ್ದಿದ್ರೆ ಬೇಡ ಅಂತಿದ್ದೆ."

ನಾನು ನಾಲ್ಕನೆಯವಳು. ನೋವಾಗಬೇಕಿತ್ತು, ಆಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಈ ಮಾತನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಳಲ್ಲ ಎಂದು ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

"ಈಗ ಕೇಳಿದ್ರೆ ಏನಂತೀಯಾ ಅಮ್ಮಾ?"

"ಈಗ ಕೇಳಿ ಏನು ಪ್ರಯೋಜನ? ಇಷ್ಟು ದೊಡ್ಡ ಕತ್ತೆನ ಯಾರು ವಾಪಸ್ ತಗೋತಾರೆ?"

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂತು. ಬಸುರಿ ಅಳಬಾರದು ಎಂದು ಅಮ್ಮ ಗದರಿದಳು, ಗದರಿ ತಾನೂ ಮೂಗು ಒರೆಸಿಕೊಂಡ ಸದ್ದು ಫೋನಿನಲ್ಲಿ ಕೇಳಿಸಿತು.