ಸೂತಕವಿಲ್ಲದ ಮನೆ

ಬೀದರಿನಲ್ಲಿ ನಮಗೆ ಕೋಣೆ ಸಿಕ್ಕಿದ್ದೇ ಒಂದು ಸುಳ್ಳಿನಿಂದ. ನಾವಿಬ್ಬರೂ ಅಕ್ಕ-ತಂಗಿ, ನಮ್ಮ ತಾಯಂದಿರು ಒಡಹುಟ್ಟಿದವರು ಎಂದು ಹೇಳಿದ್ದೆವು. ನಿಜವೆಂದರೆ ನಾನು ಔರಾದ್ ತಾಲ್ಲೂಕಿನ ಚಿಂತಾಕಿ ಕಡೆಯ ಹೊಲೇರ ಹುಡುಗಿ. ಅವಳು ಭಾಲ್ಕಿಯ ಲಿಂಗಾಯತರ ಮಗಳು. ಒಬ್ಬರಿಗೊಬ್ಬರು ಮನಸ್ಸು ಕೊಟ್ಟು ಮೂರು ವರ್ಷವಾಗಿತ್ತು. ಇದನ್ನು ಬರೆಯುವಾಗಲೂ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಎದ್ದು ನೋಡಿ ಬಂದೆ. ಏನು ಮಾಡಲಿ, ನಾನು ಹುಟ್ಟಾ ಪುಕ್ಕಲಿ.

ಅಕ್ಕ-ತಂಗಿ ಎಂದ ಮೇಲೆ ಜಾತಿ ಒಂದೇ ಆಗಬೇಕಲ್ಲ! ಅವಳು ನನಗೆ ಪಾಠ ಮಾಡಿದಳು: ವಿಭೂತಿ ಹೇಗೆ ಹಚ್ಚಬೇಕು, ಸ್ವಾಮಿಗಳು ಎದುರಾದರೆ ಹೇಗೆ ಶರಣು ಮಾಡಬೇಕು. ಊರಿನಲ್ಲಿ ಮೀನು ತಿಂದು ಬಂದ ದಿನ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲೇ ಬಾಯಿ ತೊಳೆದು ಬರುತ್ತಿದ್ದೆ. ಕೊರಳಲ್ಲಿ ಲಿಂಗವಿಲ್ಲದ್ದು ಕಾಣಬಾರದೆಂದು ಮೇ ತಿಂಗಳ ಬಿಸಿಲಲ್ಲೂ ಕೊರಳ ತುಂಬ ದುಪಟ್ಟಾ.

"ಇನ್ನೊಂದ್ ತಿಂಗಳ ಹೋದ್ರ ನೀ ಮಠಕ್ಕ ಹೋಗಿ ಕುಂದರ್ತಿ ನೋಡು," ಎಂದು ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಜಾತಿ ಗೊತ್ತಾದರೆ ಅಕ್ಕ-ತಂಗಿ ಅಲ್ಲವೆಂದು ಗೊತ್ತಾಗುತ್ತದೆ. ಅಲ್ಲವೆಂದಾದರೆ ಮತ್ತೆ ಏನು ಎಂಬ ಪ್ರಶ್ನೆ ಬರುತ್ತದೆ. ಅವಳ ಅಣ್ಣನ ಫೋನ್ ನಂಬರು ಮನೆಯೊಡತಿಯ ಹತ್ತಿರ ಇತ್ತು. ಅವನಿಗೆ ಗೊತ್ತಾದರೆ ನಮ್ಮಿಬ್ಬರನ್ನೂ ಜೀವಸಹಿತ ಬಿಡುವವನಲ್ಲ.

ಮನೆಯೊಡತಿಯನ್ನು ಕಾಕು ಎಂದು ಕರೆಯುತ್ತಿದ್ದೆವು. ಒಳ್ಳೆಯ ಹೆಂಗಸು. ರೊಟ್ಟಿ ಬಡಿದಾಗಲೆಲ್ಲ ಎರಡು ನಮಗೂ ಕಳಿಸುತ್ತಿದ್ದಳು. ಶ್ರಾವಣದ ಒಂದು ಸೋಮವಾರ, ನನ್ನ ಜೊತೆಯವಳು ಶಾಲೆಗೆ ಪಾಠ ಹೇಳಲು ಹೋಗಿದ್ದಾಗ, ಕಾಕು ಮೇಲೆ ಹತ್ತಿ ಬಂದಳು.

"ಸ್ವಾಮಿಗೋಳು ಬಂದಾರ. ಲಿಂಗ ತಗೊಂಡು ಕೆಳಗ ಬಾ, ಪೂಜಿಗಿ ಕುಂದ್ರೋಣು."

ಹೆಣ್ಣುಮಕ್ಕಳು ಹೇಳುವ ನೆವವೊಂದೇ ಬಾಯಿಗೆ ಬಂತು. "ನಾ ಹೊರಗಾಗೀನಿ ಕಾಕು."

ಕಾಕು ಗೊಳ್ಳೆಂದು ನಕ್ಕಳು. "ಹುಚ್ಚಿ! ಲಿಂಗ ಕಟ್ಟಿದವರಿಗಿ ಎಲ್ಲೀದು ಬೇ ಸೂತಕ? ನಮ್ಮ ಮನ್ಯಾಗ ಮುಟ್ಟು-ಗಿಟ್ಟು ನೋಡಂಗಿಲ್ಲ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಅಯ್ಯೋ, ವಿಭೂತಿಯಿಂದ ಹಿಡಿದು ಎಲ್ಲ ಕಲಿಸಿದವಳು ಇದೊಂದನ್ನು ಕಲಿಸಿರಲಿಲ್ಲ! ಕಾಕುವಿನ ನಗು ಹಾಗೇ ನಿಂತಿತು. ಕಣ್ಣು ನನ್ನ ಕೊರಳಿಗೆ ಬಂತು. ಅಲ್ಲಿಂದ ಕೋಣೆಯೊಳಗಿದ್ದ ಒಂದೇ ಹಾಸಿಗೆಗೆ, ಜೋಡಿ ದಿಂಬುಗಳಿಗೆ ಹೋಯಿತು. ತಿರುಗಿ ಇಳಿದು ಹೋದಳು.

ಅವಳು ಶಾಲೆಯಿಂದ ಬರುವವರೆಗೆ ಮೆಟ್ಟಿಲ ಮೇಲೆಯೇ ಕೂತಿದ್ದೆ. ಕೆಳಗೆ ಫೋನು ರಿಂಗಾದಾಗಲೆಲ್ಲ ಅವಳ ಅಣ್ಣನೇ ಎಂದುಕೊಂಡೆ.

ನಾಲ್ಕು ಗಂಟೆಗೆ ಅವಳು ಬಂದಳು. ಕಾಕು ಇಬ್ಬರನ್ನೂ ಒಳಗೆ ಕರೆದು, ಕೈಯಲ್ಲಿ ಫೋನು ಹಿಡಿದೇ ಕೇಳಿದಳು. "ಖರೇ ಹೇಳು. ಈಕಿ ನಿನ್ನ ತಂಗಿ ಅಲ್ಲ. ಮತ್ತ ಈಕಿ ನಿನಗ ಯಾರು? ನಿಮ್ಮಣ್ಣಗ ಕೇಳ್ಲೇನು?"

ಅವಳು ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಸುಳ್ಳು ಹೇಳಿ ಹೇಳಿ ಸಾಕಾದಾಗಿನ ನೋಟ. ಅವಳು ಬಾಯಿ ತೆರೆಯುವುದರೊಳಗೆ ನಾನೇ ಅಂದುಬಿಟ್ಟೆ: "ನಾ ಹೊಲೇರಾಕಿ ರೀ ಕಾಕು. ನಮಗ ಯಾರೂ ಖೋಲಿ ಕೊಡಂಗಿಲ್ಲ. ಈಕಿ ಪಾಪ, ಕನಿಕರ ಬಂದು ತಂಗಿ ಅಂತ ಹೇಳ್ಯಾಳ."

ಹುಟ್ಟಿದಾಗಿನಿಂದ ನುಂಗಿಕೊಂಡು ಬಂದ ಮಾತು. ಅದನ್ನು ನಾನೇ ಉಗುಳಿದೆ, ಇನ್ನೊಂದನ್ನು ಮುಚ್ಚಲಿಕ್ಕೆ. ಕಾಕು ಹಾಸಿಗೆಯನ್ನು ಮರೆತೇಬಿಟ್ಟಳು. ಫೋನು ಕೆಳಗಿಟ್ಟಳು.

"ಹಂಗಂತೀನಿ! ನಿನ್ನ ಮನಸು ದೊಡ್ಡದವ್ವ," ಎಂದು ಅವಳಿಗೆ ಹೇಳಿ, ನನ್ನ ಮುಖ ನೋಡದೆ, "ಇವತ್ತಽ ಖಾಲಿ ಮಾಡು," ಎಂದಳು. ನಾನು ಬಟ್ಟೆ ತುಂಬಿಕೊಂಡು ಇಳಿಯುವಾಗ, ಸೂತಕವಿಲ್ಲದ ಆ ಮನೆಯಲ್ಲಿ ನಾನು ಕೂತಿದ್ದ ಮೆಟ್ಟಿಲಿಗೆ ಕಾಕು ಆಗಲೇ ನೀರು ಸುರಿದು ತೊಳೆದಿದ್ದಳು. ಒದ್ದೆಯಲ್ಲಿ ಕಾಲು ಜಾರೀತೆಂದು ಗೋಡೆ ಹಿಡಿದು ಇಳಿದೆ.

ಅವಳು ಅಲ್ಲೇ ಉಳಿಯಬೇಕಾಯಿತು. ಅವಳೂ ಹೊರಟಿದ್ದರೆ ಕನಿಕರದ ಮಾತನ್ನು ಯಾರು ನಂಬುತ್ತಿದ್ದರು?

ಔರಾದ್ ಬಸ್ಸಿನ ಕಿಟಕಿಯ ಹತ್ತಿರ ಬಂದು ನಿಂತಳು. ಅತ್ತಿದ್ದಳು, ಸಿಟ್ಟೂ ಇತ್ತು. "ನನ್ನ ಕೇಳ್ಲಾರ್ದ ಯಾಕ ಹೇಳ್ದಿ?"

"ಮತ್ತ ನೀ ಏನ್ ಹೇಳಾಕಿ ಇದ್ದಿ?"

"ಈಕಿ ನನ್ನಾಕಿ ಅಂತ ಹೇಳಾಕಿ ಇದ್ದೆ."

ಮೂರು ವರ್ಷದಲ್ಲಿ ಇನ್ನೊಬ್ಬರ ಎದುರು ಅವಳು ಆ ಮಾತು ಆಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಿಟಕಿಯಿಂದ ಕೈ ಚಾಚಿ ಅವಳ ಕೆನ್ನೆ ಮುಟ್ಟಬೇಕಿತ್ತು. ಬದಲಿಗೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ. ಅಷ್ಟರಲ್ಲಿ ಬಸ್ಸು ಹೊರಟಿತು.